ಗೆರೆ ಎಳೆಯುವವರು ಯಾರು? ಪಾಲಾರ್‌ನಿಂದ ಉಳ್ಳಾಲದವರೆಗೆ ಅಳಿಸಿಹೋದ ಕ್ಷೇತ್ರಗಳ ಲೆಕ್ಕ

ಜನಗಣತಿಯ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಕೇಳುವ ಪ್ರಶ್ನೆ ಒಂದೇ: "ನಮ್ಮವರು ಎಷ್ಟು ಮಂದಿ ಆಗ್ತಾರೆ?" ಆ ಪ್ರಶ್ನೆ ತಪ್ಪಲ್ಲ. ಆದರೆ ಅದರ ಬೆನ್ನಿಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಉಂಟು. ಆ ಎಣಿಕೆ ಮುಗಿದ ಮೇಲೆ ನಮ್ಮ ಊರು ಯಾವ ಕ್ಷೇತ್ರಕ್ಕೆ ಸೇರುತ್ತದೆ? ಯಾರ ಜೊತೆಗೆ, ಯಾರನ್ನು ಬಿಟ್ಟು? 2027ರ ಮಾರ್ಚ್ 1 ಈ ಸಲದ ಗಣತಿಯ ಉಲ್ಲೇಖ ದಿನ. ಸಂವಿಧಾನದ 84ನೇ ತಿದ್ದುಪಡಿಯ ಪ್ರಕಾರ 2026ರ ಬಳಿಕದ ಮೊದಲ ಜನಗಣತಿಯ ಅಂಕಿ ಬರುವವರೆಗೆ ಲೋಕಸಭಾ ಸೀಟುಗಳ ಹಂಚಿಕೆಗೆ ಬೀಗ. ಅಂದರೆ ಈ ಗಣತಿಯೇ ಆ ಬೀಗದ ಕೀಲಿಕೈ. ದಕ್ಷಿಣದ ರಾಜ್ಯಗಳು 2025ರ ಮಾರ್ಚ್ 22ರಂದು ಚೆನ್ನೈಯಲ್ಲಿ ಸಭೆ ಸೇರಿದ್ದು ಇದೇ ಕಾರಣಕ್ಕೆ. ಅಲ್ಲಿ ಚರ್ಚೆಯಾದದ್ದು ಯಾವ ರಾಜ್ಯಕ್ಕೆ ಎಷ್ಟು ಸೀಟು ಎಂಬುದು. ರಾಜ್ಯದ ಒಳಗೆ ಎಳೆಯುವ ಗೆರೆಗಳ ಬಗ್ಗೆ ಮಾತ್ರ ನಮ್ಮ ಕಡೆ ಮಾತೇ ಇಲ್ಲ.

ಈ ಗೆರೆಗಳ ಸಂಗತಿ ಅರ್ಥವಾಗಬೇಕಾದರೆ ಕರಾವಳಿ ಬಿಟ್ಟು ಸ್ವಲ್ಪ ದೂರ ಹೋಗಿ ನೋಡಬೇಕು. ಚಾಮರಾಜನಗರ ಜಿಲ್ಲೆಯ ಹನೂರು ತಾಲೂಕಿನ ಪಾಲಾರ್‌ನಿಂದ ಶುರು ಮಾಡುವ. ಬ್ಯಾರಿ ಪುಟದಲ್ಲಿ ಪಾಲಾರ್‌ಗೆ ಎಂತ ಕೆಲಸ ಅಂತ ಕೇಳಬಹುದು. ಕೆಲಸ ಉಂಟು. ಕೊಳ್ಳೇಗಾಲದ ಸೀಮೆ ಮತ್ತು ನಮ್ಮ ದಕ್ಷಿಣ ಕನ್ನಡ, ಎರಡೂ ಒಂದೇ ಮನೆಯಿಂದ ಒಂದೇ ದಿನ ಹೊರಟು ಬಂದವು.

ಕಾಡಂಚಿನ ಮತಗಟ್ಟೆ

ಪಾಲಾರ್ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು 1993ರ ಏಪ್ರಿಲ್ 9. ವೀರಪ್ಪನ್ ಗ್ಯಾಂಗು ನೆಲಬಾಂಬು ಇಟ್ಟು 22 ಮಂದಿಯನ್ನು ಕೊಂದ ದಿನ. ಅದು ಬಿಟ್ಟರೆ ಪಾಲಾರ್ ಅಂದರೆ ಮಲೆ ಮಹದೇಶ್ವರ ಬೆಟ್ಟದಿಂದ ಇಳಿದು ಮೆಟ್ಟೂರಿಗೆ ಹೋಗುವ ರಸ್ತೆಯ ಚೆಕ್‌ಪೋಸ್ಟು, ಕಾವೇರಿಗೆ ಸೇರುವ ಒಂದು ಹೊಳೆ, ಹೊಳೆಯಾಚೆ ತಮಿಳುನಾಡು. ರಾಜ್ಯದ ಗೆರೆ ಎಲ್ಲಿ ಮುಗಿಯುತ್ತದೆ ಅಂತ ಕಣ್ಣಿಗೇ ಕಾಣುವ ಜಾಗ ಅದು.

ಇಲ್ಲಿಂದ ಜಿಲ್ಲಾ ಕೇಂದ್ರಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು. ಇಲ್ಲಿನ ಮತದಾರರ ಲೋಕಸಭಾ ಕ್ಷೇತ್ರ ಚಾಮರಾಜನಗರ. ಅದರಲ್ಲಿ ಹನೂರು, ಕೊಳ್ಳೇಗಾಲ, ಚಾಮರಾಜನಗರ, ಗುಂಡ್ಲುಪೇಟೆ ಎಂಬ ನಾಲ್ಕು ವಿಧಾನಸಭಾ ಕ್ಷೇತ್ರಗಳು ಈ ಜಿಲ್ಲೆಯವು. ಹೆಗ್ಗಡದೇವನಕೋಟೆ, ನಂಜನಗೂಡು, ವರುಣಾ, ಟಿ. ನರಸೀಪುರ ಎಂಬ ಇನ್ನು ನಾಲ್ಕು ಮೈಸೂರು ಜಿಲ್ಲೆಯವು. ಒಂದು ತುದಿ ತಮಿಳುನಾಡಿನ ಗಡಿ, ಇನ್ನೊಂದು ತುದಿ ಕೇರಳದ ವಯನಾಡಿನ ಗಡಿ. ಈ ಎರಡು ತುದಿಗಳ ನಡುವೆ ಏನು ಸಂಬಂಧ? ಕಾಡಿನ ಸಂಬಂಧ, ಅಷ್ಟೇ. 2019ರಲ್ಲಿ ವಿ. ಶ್ರೀನಿವಾಸ ಪ್ರಸಾದ್ ಇಲ್ಲಿ ಗೆದ್ದದ್ದು 1,817 ಮತಗಳ ಅಂತರದಲ್ಲಿ. ಅಷ್ಟು ದೊಡ್ಡ ಕ್ಷೇತ್ರದಲ್ಲಿ ಅಷ್ಟು ಸಣ್ಣ ಅಂತರ. ಹಾಗಿದ್ದೂ ಕಾಡಂಚಿನ ಹಳ್ಳಿಗೆ ಬೆಲೆ ಬಂತಾ? 2024ರ ಏಪ್ರಿಲ್ 26ರಂದು ಇದೇ ಹನೂರು ತಾಲೂಕಿನ ಇಂಡಿಗನತ್ತದಲ್ಲಿ ರಸ್ತೆ, ನೀರು, ಕರೆಂಟು ಇಲ್ಲದ ಸಿಟ್ಟಿಗೆ ಜನ ಮತದಾನ ಬಹಿಷ್ಕರಿಸಿದರು. ಅಧಿಕಾರಿಗಳು ಮನವೊಲಿಸಲು ಹೋದಾಗ ಗಲಾಟೆ ಆಗಿ ಮತಯಂತ್ರವೇ ಪುಡಿಯಾಯಿತು. ಏಪ್ರಿಲ್ 29ರಂದು ಮರುಮತದಾನ ನಡೆಸಬೇಕಾಯಿತು. ಯಂತ್ರ ಒಡೆದದ್ದನ್ನು ಸರಿ ಎನ್ನಲಾಗದು. ಆದರೆ ಕ್ಷೇತ್ರದ ತುದಿಯಲ್ಲಿ ಇರುವವನ ಮತಕ್ಕೆ ತೂಕ ಕಡಿಮೆ ಎಂಬ ಭಾವನೆ ಎಲ್ಲಿಂದ ಬರುತ್ತದೆ ಎಂಬುದು ಅದರಲ್ಲಿ ಕಾಣುತ್ತದೆ.

ಒಂದೇ ಮನೆಯಿಂದ ಹೊರಟ ಎರಡು ಸೀಮೆ

1799ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಹುತಾತ್ಮನಾದ ಮೇಲೆ ಈಸ್ಟ್ ಇಂಡಿಯಾ ಕಂಪೆನಿ ತನ್ನ ಪಾಲಿಗೆ ಇಟ್ಟುಕೊಂಡ ಸೀಮೆಗಳಲ್ಲಿ ಕೆನರಾ ಒಂದು, ಕೊಯಮತ್ತೂರು ಇನ್ನೊಂದು. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ತಾಲೂಕಾಯಿತು. ಮಂಗಳೂರು, ಕೊಳ್ಳೇಗಾಲ ಎರಡೂ ಮದ್ರಾಸಿನ ಆಡಳಿತಕ್ಕೆ ಬಂದವು. ಅಲ್ಲಿಂದ ಸುಮಾರು ಒಂದೂವರೆ ಶತಮಾನ ಇವೆರಡರ ದೊಡ್ಡ ಕಚೇರಿ ಇದ್ದದ್ದು ಮದ್ರಾಸಿನಲ್ಲಿ. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆ ಕಾಯ್ದೆಯಡಿ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದದ್ದು ಈ ಎರಡು: ಕೊಯಮತ್ತೂರಿನಿಂದ ಕೊಳ್ಳೇಗಾಲ ತಾಲೂಕು, ಮತ್ತು ಕಾಸರಗೋಡು ತಾಲೂಕು ಹಾಗೂ ಅಮಿನಿದೀವಿ ದ್ವೀಪಗಳನ್ನು ಬಿಟ್ಟು ಉಳಿದ ದಕ್ಷಿಣ ಕನ್ನಡ.

ಆ "ಬಿಟ್ಟು" ಎಂಬ ಒಂದು ಶಬ್ದ ನಮ್ಮ ಸಮುದಾಯದ ಮೇಲೆ ಮಾಡಿದ ಪರಿಣಾಮ ಸಣ್ಣದಲ್ಲ. ಉಳ್ಳಾಲ, ತಲಪಾಡಿ ಈಚೆ. ಮಂಜೇಶ್ವರ, ಉಪ್ಪಳ, ಕುಂಬಳೆ ಆಚೆ. ಮಗಳನ್ನು ಕೊಟ್ಟ ಮನೆ ಒಂದು ರಾಜ್ಯ, ತಂದ ಮನೆ ಇನ್ನೊಂದು ರಾಜ್ಯ. 1952ರ ಮೊದಲ ಚುನಾವಣೆಯಲ್ಲಿ ನಮ್ಮ ಜಿಲ್ಲೆಗೆ ಎರಡು ಲೋಕಸಭಾ ಕ್ಷೇತ್ರ: ದಕ್ಷಿಣ ಕನ್ನಡ ಉತ್ತರ, ದಕ್ಷಿಣ ಕನ್ನಡ ದಕ್ಷಿಣ. ಉತ್ತರದಲ್ಲಿ ಯು. ಶ್ರೀನಿವಾಸ ಮಲ್ಯ, ದಕ್ಷಿಣದಲ್ಲಿ ಬಿ. ಶಿವರಾವ್, ಇಬ್ಬರೂ ಕಾಂಗ್ರೆಸ್ಸಿನಿಂದ ಗೆದ್ದರು. ಐದೇ ವರ್ಷ. 1957ರಲ್ಲಿ ಆ ಎರಡು ಹೆಸರೂ ಇಲ್ಲ. ಉಡುಪಿ, ಮಂಗಳೂರು ಎಂಬ ಹೊಸ ಕ್ಷೇತ್ರಗಳು ಬಂದವು. ಕಾಸರಗೋಡು ಕೇರಳದ ಬೇರೆಯೇ ಲೋಕಸಭಾ ಕ್ಷೇತ್ರವಾಗಿ ಎ.ಕೆ. ಗೋಪಾಲನ್ ಅವರನ್ನು ಆರಿಸಿತು.

ಮಂಗಳೂರು ಎಂಬ ಕ್ಷೇತ್ರದ 51 ವರ್ಷ

ಇಂದಿನ ಮಕ್ಕಳಿಗೆ ಮಂಗಳೂರು ಲೋಕಸಭಾ ಕ್ಷೇತ್ರ ಅಂದರೆ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ದಕ್ಷಿಣ ಕನ್ನಡ ಕ್ಷೇತ್ರ. ಆದರೆ 1957ರಿಂದ 2008ರವರೆಗೆ ಇದ್ದದ್ದು ಮಂಗಳೂರು. 1957ರಲ್ಲಿ ಕೆ.ಆರ್. ಆಚಾರ್, 1962ರಲ್ಲಿ ಎ. ಶಂಕರ ಆಳ್ವ, 1967ರಲ್ಲಿ ಸಿ.ಎಂ. ಪೂಣಚ್ಚ, 1971ರಲ್ಲಿ ಕೆ.ಕೆ. ಶೆಟ್ಟಿ. ಆಮೇಲೆ 1977, 1980, 1984, 1989ರಲ್ಲಿ ಸತತ ನಾಲ್ಕು ಸಲ ಜನಾರ್ದನ ಪೂಜಾರಿ. 1991ರಿಂದ 1999ರವರೆಗೆ ನಾಲ್ಕು ಸಲ ಬಿಜೆಪಿಯ ವಿ. ಧನಂಜಯ ಕುಮಾರ್. ಕೊನೆಗೆ 2004ರಲ್ಲಿ ಡಿ.ವಿ. ಸದಾನಂದ ಗೌಡ.

ಈ ಪಟ್ಟಿಯಲ್ಲಿ ಪೂಣಚ್ಚ ಅವರ ಹೆಸರು ಗಮನಿಸಿ. ಅವರು ಕೊಡಗಿನವರು, ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ಅದರ ಮುಖ್ಯಮಂತ್ರಿ. 1952ರಲ್ಲಿ ಕೊಡಗಿಗೆ ಅದರದ್ದೇ ಲೋಕಸಭಾ ಕ್ಷೇತ್ರ ಇತ್ತು, ಎನ್. ಸೋಮಣ್ಣ ಗೆದ್ದಿದ್ದರು. ರಾಜ್ಯ ವಿಲೀನವಾದ ಮೇಲೆ ಆ ಕ್ಷೇತ್ರವೂ ಹೋಯಿತು. ಮುಂದೆ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಮಂಗಳೂರು ಕ್ಷೇತ್ರದೊಳಗೆ ಬಂದವು. ಸಂಪಾಜೆ ಘಾಟಿ ಹತ್ತಿ ಹೋಗಿ ವ್ಯಾಪಾರ ಮಾಡುತ್ತಿದ್ದ ನಮ್ಮವರಿಗೆ ಅದು ಹೊಸ ಸಂಬಂಧ ಏನಲ್ಲ. ಮೀನಿನ ಲೋಡು ಮೇಲೆ ಹೋಗುವುದು, ಕಾಫಿ, ಕಾಳುಮೆಣಸು ಕೆಳಗೆ ಇಳಿಯುವುದು ಕ್ಷೇತ್ರದ ಗೆರೆಗೆ ಮೊದಲೇ ಇದ್ದ ವಹಿವಾಟು. ಹಾಗಾಗಿ ಘಟ್ಟದ ಮೇಲಿನ ಕೊಡಗು, ಘಟ್ಟದ ಕೆಳಗಿನ ಸುಳ್ಯ, ಪುತ್ತೂರು, ವಿಟ್ಲ, ಮಂಗಳೂರು, ಉಳ್ಳಾಲ ಒಂದೇ ಸಂಸದರಿಗೆ ಮತ ಹಾಕುತ್ತಿದ್ದವು.

ಅರ್ಧ ಶತಮಾನದಲ್ಲಿ ಒಂದು ಸಲವೂ ಮಂಗಳೂರಿನಿಂದಾಗಲಿ ಉಡುಪಿಯಿಂದಾಗಲಿ ಮುಸ್ಲಿಂ ಸಂಸದರು ಹೋಗಲಿಲ್ಲ. ಇದನ್ನು ದೂರಾಗಿ ಹೇಳುವ ಮೊದಲು ಇನ್ನೊಂದು ಮಾತೂ ಹೇಳಬೇಕು. ಬಿಲ್ಲವ ಸಮುದಾಯದ ಪೂಜಾರಿಯವರು ನಾಲ್ಕು ಸಲ ಗೆದ್ದದ್ದು ಒಂದು ಜಾತಿಯ ಮತದಿಂದ ಅಲ್ಲ. ಬಿಲ್ಲವರು, ಮುಸ್ಲಿಮರು, ಕ್ರೈಸ್ತರು, ದಲಿತರು, ಭೂಮಸೂದೆಯಲ್ಲಿ ಜಾಗ ಸಿಕ್ಕಿದ ಗೇಣಿದಾರರು, ಎಲ್ಲರೂ ಒಂದು ಕಡೆ ನಿಂತ ಕಾಲ ಅದು. ಆ ಕೂಟ ಒಡೆದದ್ದು 1990ರ ಆಸುಪಾಸಿನಲ್ಲಿ. ಆಗ ಕ್ಷೇತ್ರದ ಗೆರೆ ಒಂದಿಂಚೂ ಬದಲಾಗಿರಲಿಲ್ಲ. 1989ರಲ್ಲಿ ಪೂಜಾರಿಯವರನ್ನು ಗೆಲ್ಲಿಸಿದ ಅದೇ ನಕ್ಷೆ 1991ರಲ್ಲಿ ಅವರನ್ನು ಸೋಲಿಸಿತು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗುವ.

ಭಾಗಾಕಾರದಲ್ಲಿ ಕರಗಿದ ಹೆಸರುಗಳು

2008ರಲ್ಲಿ ಮಂಗಳೂರು ಕ್ಷೇತ್ರ ಯಾಕೆ ಅಳಿಯಿತು? ಷಡ್ಯಂತ್ರ ಅಂತ ಕೆಲವರು ಹೇಳುತ್ತಾರೆ. ಲೆಕ್ಕ ನೋಡಿದರೆ ಅದು ಬರಿ ಭಾಗಾಕಾರ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ನೇತೃತ್ವದ ಆಯೋಗ 2001ರ ಜನಗಣತಿಯನ್ನು ಆಧಾರ ಮಾಡಿಕೊಂಡಿತ್ತು. ಆಗ ಕರ್ನಾಟಕದ ಜನಸಂಖ್ಯೆ 5.28 ಕೋಟಿ, ಲೋಕಸಭಾ ಸೀಟು 28. ಒಂದು ಸೀಟಿಗೆ ಸರಾಸರಿ ಸುಮಾರು 18.87 ಲಕ್ಷ. ದಕ್ಷಿಣ ಕನ್ನಡ ಜಿಲ್ಲೆಯ ಜನಸಂಖ್ಯೆ 18.97 ಲಕ್ಷ. ಅಂದರೆ ಹೊಲಿಸಿ ಇಟ್ಟ ಅಂಗಿಯ ಹಾಗೆ, ಜಿಲ್ಲೆಗೆ ಒಂದು ಸೀಟು ಸರಿಯಾಗಿ ಕೂತಿತು. ಕೊಡಗು ಹೆಚ್ಚಾಯಿತು, ಅದನ್ನು ಮೈಸೂರಿಗೆ ಕೊಟ್ಟರು. ಉಡುಪಿ ಜಿಲ್ಲೆ ಒಂದು ಸೀಟಿಗೆ ಸಾಲದೆ ಹೋಯಿತು, ಅದಕ್ಕೆ ಚಿಕ್ಕಮಗಳೂರನ್ನು ಜೋಡಿಸಿದರು, ಬೈಂದೂರನ್ನು ಶಿವಮೊಗ್ಗಕ್ಕೆ ಸೇರಿಸಿದರು.

ವಿಧಾನಸಭೆಗೂ ಇದೇ ಲೆಕ್ಕ. 224 ಸೀಟಿಗೆ ಭಾಗಿಸಿದರೆ ಒಂದಕ್ಕೆ ಸುಮಾರು 2.36 ಲಕ್ಷ ಜನ. ನಮ್ಮ ಜಿಲ್ಲೆಯಲ್ಲಿ ಮೊದಲು ಇದ್ದದ್ದು 9 ಕ್ಷೇತ್ರ, ಲೆಕ್ಕಕ್ಕೆ ಬಂದದ್ದು 8. ವಿಟ್ಲ ಹೋಯಿತು. ಸುರತ್ಕಲ್ ಎಂಬ ಹೆಸರು ಮಂಗಳೂರು ನಗರ ಉತ್ತರದಲ್ಲಿ ಸೇರಿಹೋಯಿತು. ಉಳ್ಳಾಲ ಕ್ಷೇತ್ರಕ್ಕೆ ಮಂಗಳೂರು ಅಂತ ಹೆಸರಾಯಿತು. ಯು.ಟಿ. ಫರೀದ್ ಪ್ರತಿನಿಧಿಸಿದ ಉಳ್ಳಾಲವನ್ನು ಅವರ ಮಗ, ಈಗ ವಿಧಾನಸಭಾಧ್ಯಕ್ಷರಾಗಿರುವ ಯು.ಟಿ. ಖಾದರ್, 2008ರಿಂದ ಮಂಗಳೂರು ಎಂಬ ಹೆಸರಿನಲ್ಲಿ ಪ್ರತಿನಿಧಿಸುತ್ತಿದ್ದಾರೆ. ಜನರ ಬಾಯಲ್ಲಿ ಅದು ಈಗಲೂ ಉಳ್ಳಾಲವೇ.

ಚಾಮರಾಜನಗರ ಜಿಲ್ಲೆಯಲ್ಲೂ ಹಾಗೆಯೇ ಆಯಿತು. 9.65 ಲಕ್ಷ ಜನ, ಲೆಕ್ಕಕ್ಕೆ ಬಂದದ್ದು 4 ಕ್ಷೇತ್ರ, ಮೊದಲು ಇದ್ದದ್ದು 5. ಅಳಿದದ್ದು ಯಳಂದೂರು ಸೀಮೆಯ ಸಂತೇಮರಹಳ್ಳಿ. ಈ ಹೆಸರನ್ನು ಚುನಾವಣೆಯ ಬಗ್ಗೆ ಮಾತಾಡುವವರು ಮರೆಯುವುದಿಲ್ಲ. 2004ರಲ್ಲಿ ಆರ್. ಧ್ರುವನಾರಾಯಣ 40,752 ಮತ, ಎ.ಆರ್. ಕೃಷ್ಣಮೂರ್ತಿ 40,751 ಮತ. ಒಂದೇ ಒಂದು ಮತದ ಗೆಲುವು. ಒಂದು ಮತಕ್ಕೆ ಎಷ್ಟು ಬೆಲೆ ಅಂತ ದೇಶಕ್ಕೇ ಪಾಠ ಹೇಳಿದ ಆ ಕ್ಷೇತ್ರ ನಾಲ್ಕೇ ವರ್ಷದಲ್ಲಿ ನಕ್ಷೆಯಲ್ಲೇ ಇಲ್ಲ. ಗೆದ್ದವರು ಮುಂದೆ 2009 ಮತ್ತು 2014ರಲ್ಲಿ ಚಾಮರಾಜನಗರದ ಸಂಸದರಾದರು. ಸೋತವರು 2023ರಲ್ಲಿ ಕೊಳ್ಳೇಗಾಲದ ಶಾಸಕರಾದರು. ನಾಯಕರಿಗೆ ಬೇರೆ ಕ್ಷೇತ್ರ ಸಿಗುತ್ತದೆ. ಹೋಬಳಿ ಊರಿಗೆ ತನ್ನದು ಅಂತ ಇದ್ದ ಶಾಸಕ ಕಚೇರಿ, ಆ ಕಚೇರಿಯ ಬಾಗಿಲಲ್ಲಿ ನಿಂತು ಕೇಳುವ ಸಲಿಗೆ ಮತ್ತೆ ಸಿಗುವುದು ಕಷ್ಟ. ವಿಟ್ಲದವರನ್ನು ಕೇಳಿದರೆ ಇದನ್ನೇ ಹೇಳುತ್ತಾರೆ.

ಕಾವೇರಿಯ ಆಚೆ ದಡದಲ್ಲಿ ಒಂದು ಪಾಠ

ಹನೂರು ಕಾಡಿನ ಉತ್ತರಕ್ಕೆ, ಮೇಕೆದಾಟಿನ ಆಚೆ ದಡದಲ್ಲಿ ಕನಕಪುರ. ಅಲ್ಲೂ ಒಂದು ಲೋಕಸಭಾ ಕ್ಷೇತ್ರ ಇತ್ತು, 1967ರಿಂದ 2008ರವರೆಗೆ. ಕೊನೆಯ ದಶಕಗಳಲ್ಲಿ ಕನಕಪುರ, ಸಾತನೂರು, ಚನ್ನಪಟ್ಟಣ, ರಾಮನಗರ, ಮಾಗಡಿ, ಮಳವಳ್ಳಿ, ಆನೇಕಲ್, ಉತ್ತರಹಳ್ಳಿ ಅದರ ಎಂಟು ಭಾಗಗಳು. ಒಕ್ಕಲಿಗರ ಗಟ್ಟಿ ಸೀಮೆ ಅಂತಲೇ ಅದಕ್ಕೆ ಹೆಸರು. 1967ರಲ್ಲಿ ಎಂ.ವಿ. ರಾಜಶೇಖರನ್, 1977ರಿಂದ ಹಲವು ಸಲ ಎಂ.ವಿ. ಚಂದ್ರಶೇಖರ ಮೂರ್ತಿ, 1996ರಲ್ಲಿ ಎಚ್.ಡಿ. ಕುಮಾರಸ್ವಾಮಿ ಗೆದ್ದ ಕ್ಷೇತ್ರ. 2002ರ ಉಪಚುನಾವಣೆಯಲ್ಲಿ ಎಚ್.ಡಿ. ದೇವೇಗೌಡರು ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿದರು, 2004ರಲ್ಲಿ ಪತ್ರಕರ್ತೆಯಾಗಿದ್ದ ತೇಜಸ್ವಿನಿ ಗೌಡ ದೇವೇಗೌಡರನ್ನೇ ಸೋಲಿಸಿದರು.

ಇದೇ ಕ್ಷೇತ್ರದಿಂದ 1971ರಲ್ಲಿ ಲೋಕಸಭೆಗೆ ಹೋದವರು ಸಿ.ಕೆ. ಜಾಫರ್ ಷರೀಫ್. ಮುಂದೆ ಬೆಂಗಳೂರು ಉತ್ತರದಿಂದ ಮತ್ತೆ ಮತ್ತೆ ಗೆದ್ದು ರೈಲ್ವೆ ಮಂತ್ರಿಯಾದರು. ಕನಕಪುರ ಮುಸ್ಲಿಂ ಬಾಹುಳ್ಯದ ಕ್ಷೇತ್ರ ಆಗಿರಲಿಲ್ಲ. ಇಂದಿರಾ ಗಾಂಧಿಯವರ ಅಲೆ ಇತ್ತು ನಿಜ. ಆದರೂ ರೈತರ ಕ್ಷೇತ್ರದಲ್ಲಿ ಒಂದು ಪಕ್ಷ ಮುಸ್ಲಿಂ ಅಭ್ಯರ್ಥಿಯನ್ನು ನಿಲ್ಲಿಸುವ ಧೈರ್ಯ ಮಾಡಿತು, ಜನ ಗೆಲ್ಲಿಸಿದರು. ಕರ್ನಾಟಕದಿಂದ ಕೊನೆಯ ಸಲ ಮುಸ್ಲಿಂ ಸಂಸದರೊಬ್ಬರು ಲೋಕಸಭೆಗೆ ಆರಿಸಿಹೋದದ್ದು 2004ರಲ್ಲಿ, ಗುಲ್ಬರ್ಗದಿಂದ ಇಕ್ಬಾಲ್ ಅಹ್ಮದ್ ಸರಡಗಿ. ಅದರ ಮುಂದಿನ ಚುನಾವಣೆಗೆ ಗುಲ್ಬರ್ಗ ಪರಿಶಿಷ್ಟ ಜಾತಿಗೆ ಮೀಸಲಾಯಿತು.

ಈ ಮೀಸಲಿನ ಮಾತನ್ನು ಸಮಾಧಾನದಿಂದ ಆಡಬೇಕು. ದಲಿತರ ಮೀಸಲು ಸೀಟು ಅವರ ಹಕ್ಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಪ್ರಶ್ನೆ ಇರುವುದು ಯಾವ ಕ್ಷೇತ್ರ, ಎಷ್ಟು ಕಾಲ ಎಂಬುದರಲ್ಲಿ. ಚಾಮರಾಜನಗರ ಲೋಕಸಭಾ ಕ್ಷೇತ್ರ 1962ರಿಂದಲೂ ಮೀಸಲು. ಕೊಳ್ಳೇಗಾಲ ವಿಧಾನಸಭೆಯೂ ಮೀಸಲು. 1950ರ ರಾಷ್ಟ್ರಪತಿ ಆದೇಶ ಮತ್ತು ಅದರ ತಿದ್ದುಪಡಿಗಳ ಪ್ರಕಾರ ಹಿಂದೂ, ಸಿಖ್, ಬೌದ್ಧ ಧರ್ಮದವರು ಮಾತ್ರ ಪರಿಶಿಷ್ಟ ಜಾತಿ. ಹಾಗಾಗಿ ಕೊಳ್ಳೇಗಾಲದ ಮುಸ್ಲಿಂ ಮತದಾರ ತನ್ನ ಊರಿನಲ್ಲಿ ಶಾಸಕ ಸ್ಥಾನಕ್ಕಾಗಲಿ ಸಂಸದ ಸ್ಥಾನಕ್ಕಾಗಲಿ ನಿಲ್ಲುವಂತಿಲ್ಲ. ಅಲ್ಲಿನ ಲಿಂಗಾಯತ, ಉಪ್ಪಾರ, ದೇವಾಂಗ ಮತದಾರನಿಗೂ ಅದೇ ಸ್ಥಿತಿ. ಮುಸ್ಲಿಮರು ಹೆಚ್ಚಿರುವ ಕೆಲವು ಕ್ಷೇತ್ರಗಳು ಮೀಸಲಾಗಿ, ದಲಿತರು ಹೆಚ್ಚಿರುವ ಕೆಲವು ಸಾಮಾನ್ಯ ಕ್ಷೇತ್ರಗಳಾಗಿ ಉಳಿದ ಬಗ್ಗೆ 2006ರ ಸಾಚಾರ್ ಸಮಿತಿ ವರದಿ ಬೊಟ್ಟು ಮಾಡಿತ್ತು. ಸರಿಯಾಗಿ ಹಂಚಿದರೆ ಎರಡೂ ಸಮುದಾಯಕ್ಕೆ ಲಾಭ ಎಂಬುದು ಅದರ ಸಾರ.

ಪ್ರತ್ಯೇಕ ಕ್ಷೇತ್ರ ಇದ್ದ ಕಾಲ

"ಹಾಗಾದರೆ ನಮಗೆ ನಮ್ಮದೇ ಕ್ಷೇತ್ರ ಇದ್ದರೆ ಒಳ್ಳೆಯದಿತ್ತಲ್ಲ?" ಅಂತ ಮಸೀದಿ ಜಗಲಿಯಲ್ಲಿ ಯಾರಾದರೂ ಹೇಳುವುದುಂಟು. ಅದು ಇದ್ದ ಕಾಲ ಒಂದಿತ್ತು. 1909ರ ಮಿಂಟೋ-ಮಾರ್ಲೆ ಸುಧಾರಣೆಯಿಂದ ಶುರುವಾಗಿ ಸ್ವಾತಂತ್ರ್ಯದ ತನಕ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳಿದ್ದವು. ದಿಲ್ಲಿಯ ಕೇಂದ್ರ ಶಾಸನಸಭೆಗೆ ನಮ್ಮ ಕಡೆಯ ಮುಸ್ಲಿಮರು ಮತ ಹಾಕುತ್ತಿದ್ದ ಕ್ಷೇತ್ರದ ಹೆಸರು "ಪಶ್ಚಿಮ ಕರಾವಳಿ ಮತ್ತು ನೀಲಗಿರಿ". ಮಲಬಾರು, ದಕ್ಷಿಣ ಕನ್ನಡ, ನೀಲಗಿರಿ ಎಲ್ಲ ಸೇರಿ ಒಬ್ಬ ಸದಸ್ಯ. ತಲಶ್ಶೇರಿಯ ಹಾಜಿ ಅಬ್ದುಲ್ ಸತ್ತಾರ್ ಇಸ್ಹಾಕ್ ಸೇಠ್ ಆ ಸ್ಥಾನದಲ್ಲಿದ್ದರು. ಮತ ಹಾಕುವ ಹಕ್ಕು ಇದ್ದದ್ದು ಭೂಕಂದಾಯ, ತೆರಿಗೆ ಕಟ್ಟುವ ಕೆಲವೇ ಮಂದಿಗೆ. ದೋಣಿ ಕಾರ್ಮಿಕನಿಗೆ, ಬೀಡಿ ಕಟ್ಟುವವಳಿಗೆ, ಗೇಣಿಗೆ ಕೂತವನಿಗೆ ಅದರಲ್ಲಿ ಪಾಲಿರಲಿಲ್ಲ.

ಹೆಸರಿಗೆ ನಮ್ಮದೇ ಕ್ಷೇತ್ರ. ಆದರೆ ಆ ಕ್ಷೇತ್ರದಲ್ಲಿ ನಿಂತವನಿಗೆ ಪಕ್ಕದ ಮನೆಯ ಬಿಲ್ಲವನ, ಬಂಟನ, ಕೊಂಕಣಿಯ ಮತ ಬೇಕಾಗಿರಲಿಲ್ಲ. ಅವರ ಅಭ್ಯರ್ಥಿಗೆ ನಮ್ಮ ಮತ ಬೇಕಾಗಿರಲಿಲ್ಲ. 1947ರ ಆಗಸ್ಟಿನಲ್ಲಿ ಸಂವಿಧಾನ ಸಭೆಯಲ್ಲಿ ಮದ್ರಾಸಿನ ಬಿ. ಪೋಕರ್ ಸಾಹೇಬರು ಪ್ರತ್ಯೇಕ ಮತಕ್ಷೇತ್ರ ಮುಂದುವರಿಯಲಿ ಅಂತ ವಾದಿಸಿದರು, ಸಭೆ ಒಪ್ಪಲಿಲ್ಲ. 1949ರಲ್ಲಿ ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸೀಟಿನ ಪ್ರಸ್ತಾಪವನ್ನೂ ಕೈಬಿಡಲಾಯಿತು. ಬೇಗಂ ಐಜಾಜ್ ರಸೂಲ್ ಅಂಥ ಮುಸ್ಲಿಂ ಸದಸ್ಯೆಯೇ ಅದು ಬೇಡ ಎಂದಿದ್ದರು. ಅದೇ ಪೋಕರ್ ಸಾಹೇಬರು 1952ರಲ್ಲಿ ಜಂಟಿ ಮತಕ್ಷೇತ್ರವಾದ ಮಲಪ್ಪುರಂನಿಂದ ಗೆದ್ದು ಲೋಕಸಭೆಗೆ ಹೋದರು.

ಈಗ 2008ರ ನಂತರದ್ದನ್ನು ನೋಡಿ. ಹೊಸ ಗೆರೆಯಿಂದ ಇಡೀ ಜಿಲ್ಲೆ ಒಂದೇ ಕ್ಷೇತ್ರವಾಯಿತು. 2011ರ ಗಣತಿ ಪ್ರಕಾರ ಜಿಲ್ಲೆಯಲ್ಲಿ ಮುಸ್ಲಿಮರು ಶೇ. 24. ನಮ್ಮ ಮತದ ಬಲ ಒಂದೇ ಕಡೆ ಸೇರಿತು ಅಂತ ಕೆಲವರು ಖುಷಿಪಟ್ಟರು. 2009, 2014, 2019ರಲ್ಲಿ ನಳಿನ್ ಕುಮಾರ್ ಕಟೀಲ್, 2024ರಲ್ಲಿ ಬ್ರಿಜೇಶ್ ಚೌಟ. ಎದುರು ನಿಂತವರಿಗೆ ಒಂದು ಸಲವೂ ಗೆಲುವಿಲ್ಲ. ಗಡಿಯಾಚೆಯ ಮಂಜೇಶ್ವರದಲ್ಲಿ 2016ರಲ್ಲಿ ಪಿ.ಬಿ. ಅಬ್ದುಲ್ ರಝಾಕ್ ಗೆದ್ದದ್ದು 89 ಮತಗಳಲ್ಲಿ, 2021ರಲ್ಲಿ ಎ.ಕೆ.ಎಂ. ಅಶ್ರಫ್ ಗೆದ್ದದ್ದು 745 ಮತಗಳಲ್ಲಿ. ನಮ್ಮವರು ಗಣನೀಯವಾಗಿರುವ ಕಡೆಯೂ ನೆರೆಯವರ ಮತ ಇಲ್ಲದೆ ದಡ ಸೇರುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಕ್ಷೆ ಮುಖ್ಯ, ಆದರೆ ನಕ್ಷೆಯೊಂದೇ ಯಾರನ್ನೂ ಗೆಲ್ಲಿಸುವುದಿಲ್ಲ.

ಮುಂದೆ ಬರುವ ಗೆರೆ

ಮುಂದಿನ ವಿಂಗಡಣೆಯಲ್ಲಿ ಏನಾಗಬಹುದು? ಸೀಟುಗಳ ಸಂಖ್ಯೆ ಈಗಿನಷ್ಟೇ ಇದ್ದರೆ ಎಂಬ ಲೆಕ್ಕ ಮಾಡಿ ನೋಡುವ. 2011ರಲ್ಲಿ ರಾಜ್ಯದ ಜನಸಂಖ್ಯೆ 6.11 ಕೋಟಿ. ಲೋಕಸಭಾ ಸೀಟಿಗೆ ಸರಾಸರಿ 21.8 ಲಕ್ಷ, ವಿಧಾನಸಭಾ ಸೀಟಿಗೆ 2.73 ಲಕ್ಷ. ದಕ್ಷಿಣ ಕನ್ನಡದಲ್ಲಿ 20.89 ಲಕ್ಷ ಜನ. ಅಂದರೆ 8 ಶಾಸಕರ ಜಾಗದಲ್ಲಿ ಲೆಕ್ಕಕ್ಕೆ ಬರುವುದು 7.66. ಚಾಮರಾಜನಗರದ 10.20 ಲಕ್ಷಕ್ಕೆ 4ರ ಜಾಗದಲ್ಲಿ 3.74. ಅದೇ ಬೆಂಗಳೂರು ನಗರ ಜಿಲ್ಲೆಗೆ ಈಗಿರುವ 28ರ ಜಾಗದಲ್ಲಿ 35. ಇದು 2011ರ ಮಾತು. ಆ ಹತ್ತು ವರ್ಷದಲ್ಲಿ ರಾಜ್ಯ ಬೆಳೆದದ್ದು ಶೇ. 15.6, ನಮ್ಮ ಜಿಲ್ಲೆ ಶೇ. 10, ಚಾಮರಾಜನಗರ ಶೇ. 6ಕ್ಕೂ ಕಡಿಮೆ. ಅದೇ ಗತಿ ಮುಂದುವರಿದಿದ್ದರೆ ಅಂತರ ಇನ್ನೂ ಹಿಗ್ಗಿರುತ್ತದೆ. ಸೀಟುಗಳ ಒಟ್ಟು ಸಂಖ್ಯೆ ಹೆಚ್ಚಿದರೆ ಈ ಲೆಕ್ಕ ಬದಲಾಗುತ್ತದೆ, ಆದರೆ ಬೆಂಗಳೂರಿನ ಪಾಲು ಹಿಗ್ಗಿ ಅಂಚಿನ ಜಿಲ್ಲೆಗಳ ಪಾಲು ಕುಗ್ಗುವ ದಿಕ್ಕು ಬದಲಾಗದು. 2023ರ 106ನೇ ತಿದ್ದುಪಡಿಯ ಮಹಿಳಾ ಮೀಸಲೂ ಇದೇ ವಿಂಗಡಣೆಗೆ ಕಟ್ಟುಬಿದ್ದಿದೆ. ಅಂದರೆ ಒಂದೇ ಸಲ ಗೆರೆಯೂ ಬದಲು, ಮೀಸಲೂ ಬದಲು.

ಇಲ್ಲಿ ನಮ್ಮ ಮನೆಗಳಿಗೆ ಸಂಬಂಧಪಟ್ಟ ಒಂದು ಸಂಗತಿ ಉಂಟು. ಗಣತಿಯ ಅವಧಿ ಪೂರ್ತಿ ವಿದೇಶದಲ್ಲಿರುವವರು ಊರಿನ ಲೆಕ್ಕಕ್ಕೆ ಬರುವುದಿಲ್ಲ. ದುಬೈ, ಜುಬೈಲ್, ದೋಹಾದಲ್ಲಿ ಇರುವ ನಮ್ಮ ಮಕ್ಕಳು ಜಿಲ್ಲೆಯ ಜನಸಂಖ್ಯೆಯಲ್ಲಿ ಇಲ್ಲ. ಬೆಂಗಳೂರಿನಲ್ಲಿ ನೆಲೆಸಿರುವವರು ಬೆಂಗಳೂರಿನ ಲೆಕ್ಕಕ್ಕೆ. ಊರಿಗೆ ಹಣ ಕಳಿಸುವವರು ಹೊರಗೆ, ಊರಿನ ಸೀಟು ನಿರ್ಧಾರವಾಗುವುದು ಒಳಗಿರುವವರ ಲೆಕ್ಕದಲ್ಲಿ. ಹಾಗಾಗಿ ಊರಲ್ಲಿ ಇರುವ ಒಬ್ಬರೂ ತಪ್ಪಿಹೋಗಬಾರದು. ಗಣತಿಯವರು ಬಂದಾಗ "ಗಂಡಸರು ಯಾರೂ ಇಲ್ಲ, ನಾಳೆ ಬನ್ನಿ" ಅಂತ ಬಾಗಿಲು ಹಾಕುವುದು ಬೇಡ. ಉಮ್ಮನೋ ಸೊಸೆಯೋ ಮಾಹಿತಿ ಕೊಟ್ಟರೆ ಸಾಕು. ಮಾತೃಭಾಷೆ ಕೇಳಿದಾಗ ಮನೆಯಲ್ಲಿ ಆಡುವುದು ಬ್ಯಾರಿ ಆಗಿದ್ದರೆ ಬ್ಯಾರಿ ಅಂತಲೇ ಬರೆಸಿ.

ಎರಡನೆಯದು ಮತದಾರರ ಪಟ್ಟಿ. ಜನಸಂಖ್ಯೆಯಲ್ಲಿ ಇದ್ದರೆ ಸಾಲದು, ಪಟ್ಟಿಯಲ್ಲೂ ಇರಬೇಕು. 18 ತುಂಬಿದ ಮಕ್ಕಳಿಗೆ ನಮೂನೆ 6, ಮದುವೆಯಾಗಿ ಊರು ಬದಲಿಸಿದ ಹೆಣ್ಣುಮಕ್ಕಳಿಗೂ ಹೆಸರಿನ ಅಕ್ಷರ ತಪ್ಪಿರುವವರಿಗೂ ನಮೂನೆ 8, ಭಾರತದ ಪಾಸ್‌ಪೋರ್ಟ್ ಇದ್ದು ಗಲ್ಫ್‌ನಲ್ಲಿರುವವರಿಗೆ ನಮೂನೆ 6ಎ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ಸರ್ಟಿಫಿಕೇಟಿನಲ್ಲಿ ಇನ್ನೊಂದು, ಪಟ್ಟಿಯಲ್ಲಿ ಮತ್ತೊಂದು, ಇದು ನಮ್ಮಲ್ಲಿ ಮನೆಮನೆಯ ಸಮಸ್ಯೆ. ಪರಿಶೀಲನೆ ಬಂದಾಗ ಓಡಾಡುವುದಕ್ಕಿಂತ ಈಗಲೇ ಸರಿಮಾಡಿಸಿಕೊಳ್ಳುವುದು ಒಳ್ಳೆಯದು.

ಮೂರನೆಯದು, ಹೆಚ್ಚಿನವರಿಗೆ ಗೊತ್ತೇ ಇಲ್ಲದ್ದು. 2002ರ ಕಾಯ್ದೆಯಡಿ ನಡೆದ ಕಳೆದ ವಿಂಗಡಣೆಯಲ್ಲಿ ಆಯೋಗಕ್ಕೆ ಪ್ರತಿ ರಾಜ್ಯದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿದ್ದರು. ಅವರಿಗೆ ಮತ ಹಾಕುವ ಅಧಿಕಾರ ಇರಲಿಲ್ಲ, ಮಾತಾಡುವ ಅವಕಾಶ ಇತ್ತು. ಆಯೋಗ ಕರಡು ಪ್ರಕಟಿಸಬೇಕು, ಆಕ್ಷೇಪಣೆಗೆ ದಿನ ಕೊಡಬೇಕು, ಸಾರ್ವಜನಿಕ ಸಭೆ ನಡೆಸಬೇಕು ಎಂಬ ನಿಯಮವೂ ಇತ್ತು. ಕ್ಷೇತ್ರಗಳು ಆದಷ್ಟು ಒಟ್ಟಾಗಿರಬೇಕು, ಆಡಳಿತದ ಗಡಿ, ಸಂಚಾರ ಸೌಕರ್ಯ, ಜನರ ಅನುಕೂಲ ನೋಡಬೇಕು ಅಂತ ಕಾಯ್ದೆಯೇ ಹೇಳಿತ್ತು. ಅಂತಿಮ ಆದೇಶ ಹೊರಬಂದ ಮೇಲೆ ಅದಕ್ಕೆ ಕಾನೂನಿನ ಬಲ, ಕೋರ್ಟಿನಲ್ಲಿ ಬದಲಿಸುವುದು ಬಹುತೇಕ ಆಗದ ಮಾತು. ಹೇಳುವುದನ್ನು ಕರಡು ಬಂದಾಗಲೇ ಹೇಳಬೇಕು. ಮುಂದಿನ ಸಲಕ್ಕೆ ಹೊಸ ಕಾಯ್ದೆ ಬರಬಹುದು, ಆದರೆ ಕರಡು ಮತ್ತು ಆಕ್ಷೇಪಣೆಯ ಹಂತವನ್ನು ಬಿಟ್ಟುಕೊಡಬಾರದು ಎಂಬ ಬೇಡಿಕೆ ಈಗಲೇ ಎಲ್ಲರೂ ಸೇರಿ ಇಡಬೇಕಾದದ್ದು.

ಆ ಆಕ್ಷೇಪಣೆಯನ್ನು "ಮುಸ್ಲಿಂ ಆಕ್ಷೇಪಣೆ" ಅಂತ ಒಬ್ಬರೇ ಕೊಟ್ಟರೆ ಅದರ ಬೆಲೆ ಎಷ್ಟು ಅಂತ ಹೇಳಬೇಕಾಗಿಲ್ಲ. ವಿಟ್ಲದ ಪೇಟೆಯ ಜವುಳಿ ಅಂಗಡಿಯವರು, ಅಡಿಕೆ ಕೃಷಿಕರು, ಚರ್ಚಿನವರು, ಜಮಾಅತಿನವರು ಒಂದೇ ಕಾಗದಕ್ಕೆ ಸಹಿ ಹಾಕಿದರೆ ಅದು ಊರಿನ ಆಕ್ಷೇಪಣೆ. ಹನೂರಿನಲ್ಲಿ ಸೋಲಿಗರು, ಲಿಂಗಾಯತರು, ತಮಿಳು ಮಾತಾಡುವ ಕಾಡಂಚಿನವರು ಸೇರಿ ಕೊಟ್ಟರೆ ಪಾಲಾರ್‌ನ ದೂರಕ್ಕೂ ಒಂದು ಧ್ವನಿ. ಎಲ್ಲಿ ಯಾರ ಜೊತೆ ಸೇರಿಸುತ್ತಾರೋ ಅವರ ಜೊತೆ ಮಾತು ಬಿಡದೆ ಇರುವುದು ನಮ್ಮ ಕೈಯಲ್ಲಿದೆ. ಪೂಜಾರಿಯವರ ಕಾಲದ ಮಂಗಳೂರು ಕ್ಷೇತ್ರ ಇದ್ದದ್ದು ಆ ಮಾತುಕತೆಯ ಮೇಲೆ. ಅದು ನಿಂತ ದಿನ, ಗೆರೆ ಬದಲಾಗುವ 17 ವರ್ಷ ಮೊದಲೇ, ಆ ಕ್ಷೇತ್ರ ನಮ್ಮ ಪಾಲಿಗೆ ಮುಗಿದಿತ್ತು.

ಈ ಶುಕ್ರವಾರ ಜುಮಾ ಮುಗಿದ ಮೇಲೆ ಪ್ರತಿ ಮೊಹಲ್ಲಾದಲ್ಲಿ ಇಬ್ಬರು ಯುವಕರು, ಇಬ್ಬರು ಹೆಣ್ಣುಮಕ್ಕಳು ಮತದಾರರ ಪಟ್ಟಿ ತೆಗೆದುಕೊಂಡು ಕೂತರೆ ಅರ್ಧ ಕೆಲಸ ಆಗುತ್ತದೆ. ಪಟ್ಟಿಯನ್ನು ನಮ್ಮ ಮನೆಗಳಿಗೆ ಮಾತ್ರ ನೋಡುವುದು ಬೇಡ. ಪಕ್ಕದ ಮನೆಯ ಕಾಪುವಿನ ಅಜ್ಜಿಯ ಹೆಸರೂ ಬಿಟ್ಟುಹೋಗಿದ್ದರೆ ಅವರಿಗೂ ನಮೂನೆ ತುಂಬಿಸಿ ಕೊಡಿ. ಇನ್ಶಾ ಅಲ್ಲಾಹ್, ಮುಂದಿನ ಕರಡು ಬರುವ ಹೊತ್ತಿಗೆ ಸಹಿ ಕೇಳಲು ಹೋಗುವ ಮನೆಗಳ ದಾರಿ ಆಗಲೇ ಗೊತ್ತಿರುತ್ತದೆ.